ನಾಯಿಯ ಒಡೆಯನೂ ಬೆಕ್ಕಿನ ಮನೆಯವರೂ

ನಾಯಿಯನ್ನು ಸಾಕುವುದೂ ಬೆಕ್ಕನ್ನು ಸಾಕುವುದೂ ಮೇಲ್ನೋಟಕ್ಕೆ ಒಂದೇ ಬಗೆಯ ಗೃಹಕೃತ್ಯವೆಂದು ತೋರಬಹುದು. ಎರಡಕ್ಕೂ ಅನ್ನವಿಕ್ಕಬೇಕು, ಎರಡರ ಮರಿಗಳನ್ನೂ ಮಕ್ಕಳು ಎತ್ತಿ ಆಡಿಸುವರು. ಆದರೆ ಹಿಂದಿನವರು ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದವರಲ್ಲ. ನಾಯಿಯುಳ್ಳವನನ್ನು ಅವರು ಒಡೆಯನೆಂದು ಎಣಿಸಿದರು. ಬೆಕ್ಕುಳ್ಳವನಿಗೆ ಆ ಪದವಿಯನ್ನು ಕೊಡುವುದಕ್ಕೆ ಹಿಂದೆಗೆದಂತೆ ಕಾಣುತ್ತದೆ. ಇದಕ್ಕೆ ಶಾಸ್ತ್ರಪ್ರಮಾಣವೂ ಶಿಲಾಪ್ರಮಾಣವೂ ಉಂಟು.

ಶಾಸ್ತ್ರವೆಂದರೆ ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳ ಕಾಲ ಹೆಸರಿನಿಂದಲೇ ಹೆಚ್ಚಾಗಿ ತಿಳಿದಿದ್ದ ಈ ಗ್ರಂಥವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಒದಗಿಸಿದರು. ಅದರ ನಾಲ್ಕನೆಯ ಅಧಿಕರಣದಲ್ಲಿ ಬೆಂಕಿ, ಪ್ರವಾಹ, ವ್ಯಾಧಿ, ಕ್ಷಾಮ ಇವುಗಳ ಸಾಲಿನಲ್ಲಿಯೇ ಇಲಿಗಳ ಹಾವಳಿಯನ್ನೂ ದೈವಿಕ ವಿಪತ್ತೆಂದು ಎಣಿಸಿದೆ. ಅದಕ್ಕೆ ಹೇಳಿರುವ ಪ್ರತೀಕಾರವೇನೆಂದರೆ, ಬೆಕ್ಕುಗಳನ್ನೂ ಮುಂಗುಸಿಗಳನ್ನೂ ಬಿಡತಕ್ಕದ್ದು. ಅವನ್ನು ಹಿಡಿದವನಿಗೂ ಹಿಂಸಿಸಿದವನಿಗೂ ೧೨ ಪಣ ದಂಡ. ಒಡನೆಯೇ, ನಾಯಿಯನ್ನು ಹತೋಟಿಯಲ್ಲಿಡದವನಿಗೂ ಅಷ್ಟೇ ದಂಡವೆಂದೂ, ಕಾಡಿನಲ್ಲಿ ಸಂಚರಿಸುವವರಿಗೆ ಮಾತ್ರ ಇದರಿಂದ ವಿನಾಯಿತಿಯೆಂದೂ ವಿಧಿಸಿದೆ. ದಂಡದ ಮೊತ್ತ ಒಂದೇ. ಅಪರಾಧ ಮಾತ್ರ ತಲೆಕೆಳಗು. ಬೆಕ್ಕನ್ನು ಹಿಡಿದಿಟ್ಟರೆ ತಪ್ಪು, ನಾಯಿಯನ್ನು ಹಿಡಿದಿಡದಿದ್ದರೆ ತಪ್ಪು. ನಾಯಿಯ ನಡತೆಗೆ ಉತ್ತರ ಹೇಳಬೇಕಾದವನು ಒಬ್ಬನಿದ್ದಾನೆ. ಬೆಕ್ಕಿನ ನಡತೆಗೆ ಯಾರನ್ನೂ ಕೇಳುವಂತಿಲ್ಲ.

ಈ ಭೇದದ ಬೇರು ಬಹಳ ಹಿಂದಿನದು. ಜರ್ಮನಿಯ ಬಾನ್ ಪಟ್ಟಣದ ಬಳಿ ಓಬರ್‌ಕಾಸೆಲ್‌ನಲ್ಲಿ ಸುಮಾರು ೧೪,೦೦೦ ವರ್ಷಗಳಷ್ಟು ಹಳೆಯ ಸಮಾಧಿಯೊಂದು ೧೯೧೪ರಲ್ಲಿ ದೊರೆಯಿತು. ಅದರಲ್ಲಿ ಮನುಷ್ಯರೊಡನೆ ನಾಯಿಯ ಮೂಳೆಗಳೂ ಇದ್ದುವು. ಆಗ ಬೇಸಾಯವೂ ಇಲ್ಲ, ಕಣಜವೂ ಇಲ್ಲ. ನಾಯಿಯು ಬೇಟೆಗಾರನ ಹಿಂದೆ ಬಂದದ್ದು. ಬೆಕ್ಕಾದರೋ ಧಾನ್ಯವನ್ನು ಕೂಡಿಟ್ಟ ಮೇಲೆ, ಇಲಿಯ ಜಾಡು ಹಿಡಿದು ಬಂದದ್ದು. ಒಂದು ಪ್ರಾಣಿ ಬಂದದ್ದು ಆಳಿನ ಬಳಿಗೆ, ಇನ್ನೊಂದು ಬಂದದ್ದು ಕಣಜದ ಬಳಿಗೆ.

ಶಿಲಾಪ್ರಮಾಣಕ್ಕೆ ದೂರ ಹೋಗಬೇಕಾದುದಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರೆಂಬ ಗ್ರಾಮವಿದೆ. ಅಲ್ಲಿಯ ಶಾಸನವು ಶಕ ೮೭೨ರ ಸೌಮ್ಯ ಸಂವತ್ಸರಕ್ಕೆ, ಎಂದರೆ ಕ್ರಿ. ಶ. ೯೪೯-೫೦ಕ್ಕೆ ಸೇರಿದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದಾಗ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ಕೃಷ್ಣನು ಬೂತುಗನಿಗೆ ಬನವಾಸಿ ೧೨,೦೦೦, ಬೆಳ್ವೊಲ ೩೦೦ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಮುಂದೆ ನಿಂತು ಹೋರಾಡಿದ ಭಟನು ಸಗರವಂಶದ ಮಣಲೆರನು. ಮೆಚ್ಚಿದ್ದೇನೆ, ಬೇಡಿಕೊಳ್ಳೆಂದು ಒಡೆಯನು ಹೇಳಲು, ಮಣಲೆರನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಬೂತುಗನ ಮನೆಯಲ್ಲಿದ್ದ ಕಾಳಿಯೆಂಬ ನಾಯಿಯನ್ನು. ಆತಕೂರು ಹನ್ನೆರಡೂ ಬೆಳ್ವೊಲದ ಕೋಟೆಯೂರೂ ಅವನಿಗೆ ಸಂದುವಾದರೂ, ಬಾಯಿಬಿಟ್ಟು ಬೇಡಿದ್ದು ನಾಯಿಯನ್ನೇ.

ಮುಂದಿನ ಸಂಗತಿಯನ್ನು ಶಾಸನವು ಕೆಲವೇ ಮಾತುಗಳಲ್ಲಿ ಮುಗಿಸುತ್ತದೆ. ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಡಲಾಗಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿ, ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರವನ್ನು ಕಡೆದಿದೆ. ವೀರಗಲ್ಲು ಯುದ್ಧದಲ್ಲಿ ಮಡಿದ ಭಟನಿಗೆ ಸಲ್ಲುವ ಮರ್ಯಾದೆ. ಅದು ಇಲ್ಲಿ ನಾಯಿಗೆ ಸಂದಿದೆ. ಬೂತುಗನು ಪಡೆದ ನಾಡುಗಳ ಪಟ್ಟಿಯನ್ನು ಚರಿತ್ರಕಾರರು ಓದಬೇಕಾದುದು ನಾಯಿಯೊಂದರ ಸ್ಮಾರಕದಲ್ಲಿಯೆಂಬುದು ಸ್ವಾರಸ್ಯವೇ ಸರಿ.

ಶಾಸನದ ಕೊನೆಯ ಶಾಪವಾಕ್ಯಗಳು ಇನ್ನೂ ವಿಚಾರಾರ್ಹ. ಆ ಭೂಮಿಯನ್ನು ಕೆಡಿಸಿದವನಿಗೆ ಆ ನಾಯಿ ಮಾಡಿದ ಪಾಪವು ತಗಲುವುದಂತೆ. ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಗತಿ. ಗೋಹತ್ಯೆ, ವಾರಣಾಸಿಗಳ ಮಾತು ಶಾಸನಗಳಲ್ಲಿ ಸಾಮಾನ್ಯ. ನಾಯಿಯ ಪಾಪವೆಂಬುದು ಅಪೂರ್ವ. ಕಾಳಿಯ ಪಾಪವಾದರೂ ಯಾವುದು? ಬೇಟೆಯಲ್ಲಿ ಮಾಡಿದ ಪ್ರಾಣಿವಧೆಯೆಂದೇ ಊಹಿಸಬೇಕು. ಆ ವಧೆಗೆ ಅದು ಹೋದದ್ದು ತನ್ನಿಚ್ಛೆಯಿಂದಲ್ಲ. ಹಗ್ಗ ಬಿಚ್ಚಿದ ಕೈ ಬೇರೆಯದು. ಅರ್ಥಶಾಸ್ತ್ರವು ನಾಯಿಯ ತಪ್ಪನ್ನು ಒಡೆಯನ ಲೆಕ್ಕಕ್ಕೆ ಬರೆಯಿತು. ಆತಕೂರಿನ ಕಲ್ಲು ಒಡೆಯನನ್ನು ಬಿಟ್ಟು, ಪಾಪವನ್ನು ನಾಯಿಯ ಹೆಸರಿನಲ್ಲಿಯೇ ಇಟ್ಟು, ಪೂಜೆ ತಪ್ಪಿಸಿದವರಿಗೆ ದಾಟಿಸಿತು. ಮಣಲೆರನ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಬೇಡಿ ಪಡೆದುದನ್ನು ಸಾವಿನ ಬಾಯಿಗೆ ಬಿಟ್ಟವನ ಋಣವೂ ಆ ಎರಡು ಖಂಡುಗದಲ್ಲಿ ಸೇರಿರಬೇಕು.

ಬೆಕ್ಕಿನ ವಿಷಯಕ್ಕೆ ಅದೇ ಮದ್ದೂರು ತಾಲ್ಲೂಕಿನ ಬೆಕ್ಕಳಲೆಗೆ ಹೋಗಬೇಕು. ಗ್ರಾಮದೇವತೆಯಾದ ಮಂಗಮ್ಮನು ಹಿಂದೊಮ್ಮೆ ಬೆಕ್ಕಿನ ರೂಪದಲ್ಲಿ ಬಂದು ಊರನ್ನು ಕಾಪಾಡಿದಳೆಂದೂ, ಬಳಿಕ ಕಣ್ಮರೆಯಾದಳೆಂದೂ, ಆ ಸ್ಥಳದಲ್ಲಿ ಹುತ್ತವುಂಟಾಯಿತೆಂದೂ ಅಲ್ಲಿಯವರ ನಂಬಿಕೆ. ಊರಿನ ಹೆಸರು ಬಂದುದೂ ಬೆಕ್ಕಿನಿಂದಲೇ ಎನ್ನುತ್ತಾರೆ. ಬೆಕ್ಕಿಗೆ ಅಲ್ಲಿ ಪೂಜೆಯುಂಟು, ಅದನ್ನು ಹೊಡೆಯುವಂತಿಲ್ಲ, ಸತ್ತ ಬೆಕ್ಕನ್ನು ಕಂಡರೆ ಕ್ರಮವಾಗಿ ಮಣ್ಣುಮಾಡುತ್ತಾರೆ. ಇದು ಐತಿಹ್ಯ, ಆತಕೂರಿನಂತೆ ಸಂವತ್ಸರವನ್ನು ಗುರುತಿಸಿ ಹೇಳುವಂಥದಲ್ಲ.

ಆದರೂ ಎರಡು ಊರುಗಳ ಭಾವನೆಯನ್ನು ಹೋಲಿಸಬಹುದು. ಕಾಳಿಗೆ ಹೆಸರಿದೆ, ಕೊಟ್ಟವನು, ಬೇಡಿದವನು, ಸತ್ತ ಸ್ಥಳ, ಎಲ್ಲವೂ ಇವೆ. ಬೆಕ್ಕಳಲೆಯ ಬೆಕ್ಕನ್ನು ಯಾರೂ ಕೊಡಲಿಲ್ಲ, ಯಾರೂ ಬೇಡಲಿಲ್ಲ. ತಾನಾಗಿ ಬಂದಿತು, ತಾನಾಗಿ ಹೋಯಿತು. ಆದುದರಿಂದಲೇ ಅಲ್ಲಿ ಋಣವು ಒಬ್ಬನದಲ್ಲ, ಊರಿನದು. ಅದು ಸಲ್ಲುವುದೂ ಒಂದು ಬೆಕ್ಕಿಗಲ್ಲ, ಬೀದಿಯಲ್ಲಿ ಹಾಯುವ ಪ್ರತಿಯೊಂದಕ್ಕೂ.

ಆತಕೂರಿನ ಕಲ್ಲು ಈಗ ಆತಕೂರಿನಲ್ಲಿಲ್ಲ. ಅದನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿರಿಸಿದೆ. ವಿದ್ವಾಂಸರು ತಕ್ಕೋಲದ ಸಲುವಾಗಿ ಅದರ ಮುಂದೆ ನಿಲ್ಲುತ್ತಾರೆ. ಮಕ್ಕಳು ಮೇಲಿನ ನಾಯಿಯನ್ನು ತೋರಿಸುತ್ತಾರೆ. ಊಟಕ್ಕೆ ಮೊದಲು ಅದನ್ನು ಪೂಜಿಸುವ ಗೊರವರು ಅಲ್ಲಿಲ್ಲ.