ಚಂದ್ರವಳ್ಳಿಯ ಮಣಿ, ಖಂಭಾತದ ಸಾಣೆ

ಚಿತ್ರದುರ್ಗ ಎಂದೊಡನೆ ನಮಗೆ ನೆನಪಾಗುವುದು ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ ಮತ್ತು 1779ರಲ್ಲಿ ಕೋಟೆಯನ್ನು ಗೆದ್ದ ಹೈದರ್ ಅಲಿ. ಮದಕರಿಯನ್ನೂ ಹೈದರನನ್ನೂ ಎದುರುಬದುರು ನಿಲ್ಲಿಸಿ ಇಂದಿಗೂ ವಾದಿಸುವವರಿದ್ದಾರೆ. ಅದೇ ಕೋಟೆಯ ಮಗ್ಗುಲಲ್ಲಿ, ಗುಡ್ಡಗಳ ನಡುವೆ ಇರುವ ಚಂದ್ರವಳ್ಳಿಯ ಕಣಿವೆಗೆ ಹೋದವರು ಗುಹೆಗಳನ್ನು ನೋಡಿ ಹಿಂದಿರುಗುತ್ತಾರೆ. ಅಲ್ಲಿನ ಮಣ್ಣಿನಡಿ ಸಿಕ್ಕಿದ, ಕಡಲೆಕಾಳಿನಷ್ಟು ಗಾತ್ರದ ಕಲ್ಲಿನ ಮಣಿಗಳ ಬಗ್ಗೆ ಯಾರೂ ಜಗಳವಾಡುವುದಿಲ್ಲ. ಅವುಗಳಿಗೆ ರಾಜನ ಹೆಸರಿಲ್ಲವಲ್ಲ!

ಚಂದ್ರವಳ್ಳಿಯಲ್ಲಿ ಅಗೆತ ನಡೆಸಿದವರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಒಬ್ಬರು. ಅನಂತರ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಉತ್ಖನನ ಮಾಡಿದರು. ಶಾತವಾಹನರ ಕಾಲದ ನಾಣ್ಯಗಳ ಜೊತೆ ರೋಮ್ ಚಕ್ರವರ್ತಿ ತಿಬೇರಿಯಸ್‌ನ ಬೆಳ್ಳಿ ನಾಣ್ಯವೂ ಚಂದ್ರವಳ್ಳಿಯಲ್ಲಿ ದೊರೆಯಿತು. ಪುಸ್ತಕಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂದದ್ದು ನಾಣ್ಯದ ಸುದ್ದಿ. ಕಲ್ಲು, ಗಾಜು, ಶಂಖದ ಮಣಿಗಳು ಪಟ್ಟಿಯೊಳಗೆ ಉಳಿದವು. ನಮ್ಮ ಮಾತು ಅವುಗಳಲ್ಲಿ ಒಂದರ ಕುರಿತು. ಇಂಗ್ಲಿಷಿನಲ್ಲಿ ಅಗೇಟ್ ಎಂದೂ ಅರಬಿ, ಉರ್ದುಗಳಲ್ಲಿ ಅಕೀಕ್ ಎಂದೂ ಕರೆಯುವ ಕಲ್ಲು ಅದು. ಅದರ ಕೆಂಪು ಬಗೆಯೇ ಕಾರ್ನೀಲಿಯನ್.

ಈ ಕಲ್ಲು ಮೊದಲು ಒಡವೆಯಾಗಿರಲಿಲ್ಲ. ಬ್ರಹ್ಮಗಿರಿಯ ಅತ್ಯಂತ ಕೆಳಗಿನ ಪದರಗಳಲ್ಲಿ, ಕಲ್ಲುಕೊಡಲಿಗಳ ಜನರ ಕಾಲದಲ್ಲಿ, ಅಗೇಟಿನ ಚಿಕ್ಕ ಚಿಕ್ಕ ಅಲಗುಗಳು ಸಿಕ್ಕಿವೆ. ಅಂದರೆ ಅದು ಚಾಕುವಾಗಿತ್ತು. ಚಾಕು ಕೊರಳಿಗೆ ಏರಲು ನೂರಾರು ವರ್ಷ ಬೇಕಾಯಿತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹೊಲದ ಬದುಗಳಲ್ಲಿ ಬೆಣಚುಕಲ್ಲು ಬೇಕಾದಷ್ಟಿದೆ. ಕತ್ತಲೆಯಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಕಿಡಿ ನೋಡಿದ ನೆನಪು ಈ ಸೀಮೆಯಲ್ಲಿ ಬೆಳೆದ ಯಾರಿಗೆ ಇಲ್ಲ? ಅಗೇಟೂ ಅದೇ ಸಿಲಿಕಾ. ಆದರೆ ಹುಟ್ಟಿದ ಮನೆ ಬೇರೆ. ಲಾವಾರಸ ಹರಿದು ಆರಿದಾಗ ಬಸಾಲ್ಟ್ ಬಂಡೆಯಲ್ಲಿ ಗಾಳಿಗುಳ್ಳೆಗಳು ಉಳಿಯುತ್ತವೆ. ಅವುಗಳೊಳಗೆ ಸಿಲಿಕಾ ಬೆರೆತ ನೀರು ಇಳಿದು, ಪದರದ ಮೇಲೆ ಪದರ ಕಟ್ಟಿ, ಬಣ್ಣದ ಪಟ್ಟೆಗಳ ಗಡ್ಡೆಯಾಗುತ್ತದೆ. ಆ ಬಸಾಲ್ಟ್ ನಾಡು ಬೆಳಗಾವಿ, ವಿಜಾಪುರ, ಕಲಬುರಗಿಗಳಿಂದ ಉತ್ತರಕ್ಕೆ ಹಬ್ಬಿದೆ. ಚಿತ್ರದುರ್ಗದ ಬಂಡೆಗಳು ಅದಕ್ಕಿಂತ ಎಷ್ಟೋ ಪ್ರಾಚೀನ, ಜಾತಿಯೂ ಬೇರೆ. ಹೀಗಾಗಿ ಇಲ್ಲಿಯ ಅಗೇಟು ಬಹುಪಾಲು ಆ ನಾಡಿನಿಂದಲೋ ಅಲ್ಲಿಂದ ಹರಿದುಬರುವ ನದಿಗಳ ಪಾತ್ರದಿಂದಲೋ ಬರಬೇಕಾದದ್ದು. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬನ ಬರಹವಾದ ‘ಪೆರಿಪ್ಲಸ್’ ಇದೇ ಜಾತಿಯ ಪಟ್ಟೆಕಲ್ಲುಗಳನ್ನು ಪೈಠಣದಿಂದ ಗಾಡಿಗಳಲ್ಲಿ ಭರೂಚ್ ಬಂದರಿಗೆ ಸಾಗಿಸುತ್ತಿದ್ದರೆಂದು ಹೇಳುತ್ತದೆ. ಎರಡೂ ಊರುಗಳ ನಡುವೆ ಇಪ್ಪತ್ತು ದಿನಗಳ ಹಾದಿ. ಪೈಠಣ ಶಾತವಾಹನರ ನಗರ. ಅವರ ನಾಣ್ಯ ಚಲಾವಣೆಯಲ್ಲಿದ್ದ ಚಂದ್ರವಳ್ಳಿಗೂ ಆ ಲೋಕಕ್ಕೂ ಇದ್ದ ನಂಟನ್ನು ಮಣಿಗಳು ನಾಣ್ಯಕ್ಕಿಂತ ಕಡಿಮೆಯೇನೂ ಹೇಳುವುದಿಲ್ಲ.

ಚಂದ್ರವಳ್ಳಿಯಲ್ಲಿ ಆ ಮಣಿ ತೊಟ್ಟವರು ಇಂದಿಲ್ಲ. ಆದರೆ ಅಂಥ ಮಣಿ ಮಾಡುವ ಕೈಗಳು ಇನ್ನೂ ಇವೆ, ಗುಜರಾತಿನ ಖಂಭಾತದಲ್ಲಿ. ಭರೂಚ್ ಜಿಲ್ಲೆಯ ರತನಪುರದಲ್ಲಿ ಅಗೆದ ಗಡ್ಡೆಗಳನ್ನು ಅಲ್ಲಿ ಮೊದಲು ಬಿಸಿಲಿಗೆ ಒಣಗಿಸುತ್ತಾರೆ, ಅನಂತರ ಮಡಕೆಗಳಲ್ಲಿಟ್ಟು ಬೂದಿ ಮುಚ್ಚಿ ಹದವಾದ ಕಾವಿನಲ್ಲಿ ಸುಡುತ್ತಾರೆ. ಕಂದುಕಲ್ಲು ಕೆಂಪಾಗುವುದು ಇಲ್ಲಿಯೇ. ಕಾವು ಅವಸರದ್ದಾದರೆ ಕಲ್ಲು ಬಿರುಕು ಬಿಡುತ್ತದೆ. ಮುಂದೆ ನೆಲಕ್ಕೆ ಓರೆಯಾಗಿ ನೆಟ್ಟ ಕಬ್ಬಿಣದ ಮೊಳೆಗೆ ಕಲ್ಲನ್ನು ತಾಗಿಸಿ ಹಿಡಿದು, ಎಮ್ಮೆಯ ಕೊಂಬಿನ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಕೊಂಬು ಏಕೆ? ಕಬ್ಬಿಣ ಹೊಡೆದರೆ ಕಲ್ಲು ಒಡೆಯುತ್ತದೆ, ಕೊಂಬು ಹೊಡೆದರೆ ಚಕ್ಕೆ ಮಾತ್ರ ಏಳುತ್ತದೆ. ಆಮೇಲೆ ಅರಗು ಮತ್ತು ಕುರುಂದದ ಪುಡಿ ಬೆರೆಸಿ ಮಾಡಿದ ಸಾಣೆಯ ಸರದಿ. ಗಡಸುತನದ ಅಳತೆಯಲ್ಲಿ ಅಗೇಟು ಏಳರ ಆಸುಪಾಸು, ಕುರುಂದ ಒಂಬತ್ತು, ವಜ್ರ ಹತ್ತು. ತನಗಿಂತ ಗಟ್ಟಿಯಾದದ್ದಕ್ಕಷ್ಟೇ ಕಲ್ಲು ತಲೆಬಾಗುತ್ತದೆ. ಆದ್ದರಿಂದಲೇ ಮಣಿಗೆ ತೂತು ಕೊರೆಯುವ ಬಿಲ್ಲಿನ ಬೈರಿಗೆಯ ತುದಿಯಲ್ಲಿ ವಜ್ರದ ಚೂರುಗಳಿರುತ್ತವೆ. ಹಿಂದೆ ಮೆರುಗು ಕೊಡಲು ಮಣಿಗಳನ್ನು ಕಲ್ಲುಪುಡಿಯ ಜೊತೆ ಚರ್ಮದ ಚೀಲಕ್ಕೆ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಉರುಳಿಸುತ್ತಿದ್ದರು. ಈಗ ಮೋಟಾರಿನ ಪೀಪಾಯಿ ಆ ಕೆಲಸ ಮಾಡುತ್ತದೆ.

ಉಂಗುರಕ್ಕೆ ಕೂರಿಸುವ ಕಲ್ಲಿಗೆ ತೂತು ಬೇಡ. ತಳ ಚಪ್ಪಟೆ, ಮೇಲ್ಭಾಗ ಮಸೀದಿಯ ಗುಮ್ಮಟದಂತೆ ಉಬ್ಬು. ಮೂಲೆಗಳಿಲ್ಲದ ಈ ಕಡಿತವೇ ಅಗೇಟಿನ ಪಟ್ಟೆಗಳಿಗೆ ಒಪ್ಪುವುದು. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಗೆ ಬಂದಿದೆ. ಮೇಲ್ಮೈಗೆ ಕನ್ನಡಿಯಂಥ ಹೊಳಪು ಕೊಟ್ಟು, ಅಂಚಿನಲ್ಲಿ ಗಡ್ಡೆಯ ಒರಟು ಸಿಪ್ಪೆಯನ್ನು ಹಾಗೆಯೇ ಬಿಡುತ್ತಾರೆ. ನೋಡಿದವರಿಗೆ ಕೆಲಸ ಅರ್ಧಕ್ಕೆ ನಿಂತಂತೆ ಕಾಣಬಹುದು. ವಾಸ್ತವವಾಗಿ ಇದು ಹೆಚ್ಚು ಕಷ್ಟದ್ದು. ಸಾಣೆ ಅಂಚಿಗೆ ಒಂದು ಕ್ಷಣ ತಾಗಿದರೂ ಸಿಪ್ಪೆ ಹೋಗುತ್ತದೆ. ಸಿಪ್ಪೆ ಸಡಿಲವಾಗಿದ್ದರೆ ಅದನ್ನು ಕುಂಚದಿಂದ ಮೊದಲೇ ಉಜ್ಜಿ ಉದುರಿಸಬೇಕು, ಇಲ್ಲವಾದರೆ ಅದರ ಕಾಳು ಕಳಚಿ ಹೊಳಪಿನ ಮೇಲೆ ಗೀರು ಎಳೆಯುತ್ತದೆ. ನಮಗೆ ಈ ಬಗೆಯೇ ಹೆಚ್ಚು ಇಷ್ಟ. ಬಸಾಲ್ಟಿನ ಗುಳ್ಳೆಯಲ್ಲಿ ಹುಟ್ಟಿದ ಗುರುತನ್ನು ಆ ಕಲ್ಲು ಮೈಮೇಲೆಯೇ ಹೊತ್ತಿರುತ್ತದೆ.

ಉರುಸಿನ ಸಂತೆಗಳಲ್ಲಿ ಬಟ್ಟೆ ಹಾಸಿ ಅಕೀಕ್ ಉಂಗುರ ಮಾರುವವರನ್ನು ನಾವೆಲ್ಲ ನೋಡಿದ್ದೇವೆ. ಪ್ರವಾದಿ ಮುಹಮ್ಮದ್(ಸ)ರ ಬೆಳ್ಳಿಯ ಉಂಗುರದಲ್ಲಿ ಅಬಿಸೀನಿಯಾದ ಕಲ್ಲಿತ್ತು ಎಂಬ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದರೆ ಅಕೀಕ್ ಧರಿಸಿದರೆ ಬಡತನ ನೀಗುತ್ತದೆ ಎಂಬಂಥ ಮಾತುಗಳನ್ನು ಹದೀಸ್ ವಿದ್ವಾಂಸರು ದುರ್ಬಲವೆಂದೇ ಎಣಿಸಿದ್ದಾರೆ. ಮಾರುವವರು ಇದನ್ನು ಹೇಳುವುದಿಲ್ಲ, ಬಿಡಿ. ಅಬಿಸೀನಿಯಾದ ನಂಟು ರತನಪುರದಲ್ಲೂ ಇದೆ. ಅಲ್ಲಿನ ಗುಡ್ಡದ ಮೇಲೆ ಬಾವಾ ಗೋರ್ ದರ್ಗಾ ಇದೆ. ಆಫ್ರಿಕಾದಿಂದ ಬಂದ ಈ ಸಂತರೇ ಅಕೀಕ್ ಕಸುಬನ್ನು ಬೆಳೆಸಿದರೆಂಬುದು ಸಿದ್ದಿಗಳ ನಂಬಿಕೆ. ನಮ್ಮ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳ ಹಿರಿಯರೂ ಬಂದದ್ದು ಅದೇ ಆಫ್ರಿಕಾದಿಂದ. ಹದಿನಾರನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ಬಾರ್ಬೋಸಾ ಒಂದು ಬಗೆಯ ಬಿಳಿ ಕಲ್ಲನ್ನು ಈ ಬಾಬಾ ಗೋರ್ ಹೆಸರಿನಿಂದಲೇ ಕರೆದಿದ್ದಾನೆ. ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ಪಾರ್ಸಿಗಳೂ ನಡೆದುಕೊಳ್ಳುತ್ತಾರೆ.

ಇಷ್ಟು ಸುಂದರವಾದ ಕಸುಬಿನ ಬೆಲೆ ಮಾತ್ರ ಬೇರೆಯೇ. ಸಾಣೆಯಿಂದ ಏಳುವ ಸಿಲಿಕಾ ಧೂಳು ಕಣ್ಣಿಗೆ ಕಾಣದಷ್ಟು ನಯ. ಉಸಿರಿನೊಂದಿಗೆ ಒಳಹೋದದ್ದು ಶ್ವಾಸಕೋಶವನ್ನು ಗಾಯಗೊಳಿಸಿ ಗಟ್ಟಿ ಮಾಡುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ, ಕ್ಷಯ ಬೆನ್ನಿಗೇ ಬರುತ್ತದೆ. ಖಂಭಾತದಲ್ಲಿ ಸಾಣೆ ಮನೆಯೊಳಗೇ ತಿರುಗುವುದರಿಂದ ಕಲ್ಲು ಮುಟ್ಟದ ಹೆಂಗಸರು, ಮಕ್ಕಳು, ನೆರೆಯವರೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಕಲ್ಲಿನ ಮೇಲೆ ನೀರು ಸುರಿಯುತ್ತ ಅರೆದರೆ ಧೂಳು ಬಹಳಷ್ಟು ಅಡಗುತ್ತದೆ. ಧೂಳನ್ನು ಹೀರಿಕೊಳ್ಳುವ ಯಂತ್ರವೂ ಇದೆ. ಆದರೆ ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವನು ಅದನ್ನು ಯಾವ ಹಣದಿಂದ ಕೊಳ್ಳಬೇಕು?

ಇದು ದೂರದ ಗುಜರಾತಿನ ಕತೆ ಎಂದುಕೊಳ್ಳಬೇಡಿ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. 1940ರ ದಶಕದಲ್ಲಿ ಅಲ್ಲಿ ಪರೀಕ್ಷಿಸಿದ 7,653 ಕಾರ್ಮಿಕರಲ್ಲಿ 3,402 ಮಂದಿಯ ಶ್ವಾಸಕೋಶದಲ್ಲಿ ಅದು ಕಂಡಿತ್ತು. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನೇ ಮಾಡಿತು. ಗಣಿಯ ಕೂಲಿಗೆ ಹಾಜರಿ ಪುಸ್ತಕವಿತ್ತು, ಯಾರ ಕೈಕೆಳಗೆ ಎಷ್ಟು ವರ್ಷ ದುಡಿದ ಎಂಬುದಕ್ಕೆ ದಾಖಲೆಯಿತ್ತು. ಮನೆಯಲ್ಲಿ ಕೂತು ಸಾಣೆ ಹಿಡಿಯುವವನಿಗೆ ಅದೂ ಇಲ್ಲ. ಪರಿಹಾರ ಕೇಳಲು ಹೋದರೆ, ನಿನ್ನ ಮಾಲೀಕ ಯಾರು ಎಂಬ ಮೊದಲ ಪ್ರಶ್ನೆಯಲ್ಲಿಯೇ ಅವನ ಅರ್ಜಿ ನಿಂತುಹೋಗುತ್ತದೆ.