ಮೂಳೆಯೊಳಗಿನ ಊರುಗೋಲು

ಮುರಿದ ಮೂಳೆಯನ್ನು ಕೂಡಿಸುವ ವಿದ್ಯೆ ಬಹು ಪ್ರಾಚೀನವಾದುದು. ಆದರೆ ಕೂಡಿದ ಮೂಳೆಯೇ ಮರಳಿ ಮುರಿಯುವುದಾದರೆ, ಮುರಿಯದಿದ್ದಾಗಲೂ ಬಿಲ್ಲಿನಂತೆ ಬಾಗುತ್ತ ಹೋಗುವುದಾದರೆ, ದಬ್ಬೆಯ ಕಟ್ಟು ಏನು ಮಾಡೀತು? ಹುಟ್ಟಿನಿಂದಲೇ ಭಂಗುರವಾದ ಅಸ್ಥಿಗಳುಳ್ಳ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಬಹುಕಾಲ ಕಾಡಿದ ಪ್ರಶ್ನೆಯಿದು.

ಸ್ವೀಡನ್ ದೇಶದ ಏಕ್‌ಮನ್ ಎಂಬಾತನು 1788ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯದ ತನ್ನ ಪ್ರಬಂಧದಲ್ಲಿ, ಒಂದೇ ವಂಶದ ಮೂರು ತಲೆಮಾರುಗಳಲ್ಲಿ ಈ ರೋಗವಿದ್ದುದನ್ನು ವರ್ಣಿಸಿದನು. 1849ರಲ್ಲಿ ಆಮ್‌ಸ್ಟರ್‌ಡಾಮಿನ ವ್ರೋಲಿಕನು ಇದನ್ನು ‘ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ’, ಎಂದರೆ ಅಪೂರ್ಣವಾದ ಅಸ್ಥಿರಚನೆ, ಎಂದು ಕರೆದನು. ಹೆಸರು ದೊರೆಯಿತು, ಉಪಾಯ ದೊರೆಯಲಿಲ್ಲ. ಗೋಡೆಯ ಮಣ್ಣನ್ನು ಅದರಲ್ಲಿ ಕಲಸಿದ ಹುಲ್ಲು ಹಿಡಿದಿಡುವಂತೆ ಮೂಳೆಯ ಸುಣ್ಣದಂಶವನ್ನು ಹಿಡಿದಿಡುವ ಕೊಲಾಜೆನ್ ಎಂಬ ನಾರು ಈ ರೋಗಿಗಳಲ್ಲಿ ಸಾಲದಾಗಿರುವುದು, ಇಲ್ಲವೆ ದೋಷಯುಕ್ತವಾಗಿರುವುದು ಎಂಬ ಸಂಗತಿ ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂದಿತು. ನಡೆದರೆ ಮುರಿಯುವುದೆಂದು ಮಗುವನ್ನು ಮಲಗಿಸಿದರೆ ಮೂಳೆ ಮತ್ತಷ್ಟು ಸೊರಗುವುದು. ಹೀಗೆ ರೋಗ ತೀವ್ರವಾದವರಲ್ಲಿ, ಹರೆಯ ಬರುವ ವೇಳೆಗೆ ತೊಡೆಯ ಮೂಳೆ ಹೊರಕ್ಕೂ ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೂ ಬಾಗಿ, ನೆಲಕ್ಕೆ ಪಾದವೂರುವುದೇ ದುಸ್ತರವಾಗುತ್ತಿದ್ದಿತು.

ಉಪಾಯದ ಬೀಜ ಬೇರೊಂದೆಡೆ ಇದ್ದಿತು. 1939ರಲ್ಲಿ ಜರ್ಮನಿಯ ಕೀಲ್ ನಗರದ ಕ್ಯೂಂಟ್ಶರನು ಮುರಿದ ತೊಡೆಮೂಳೆಯ ಮಜ್ಜೆಯ ನಾಳದೊಳಗೆ ಉಕ್ಕಿನ ನೀಳವಾದ ಮೊಳೆಯನ್ನು ನಡೆಸಿ ನಿಲ್ಲಿಸಿದನು. ಮಹಾಯುದ್ಧದ ಸೆರೆಯಾಳುಗಳು ಸ್ವದೇಶಕ್ಕೆ ಮರಳಿದಾಗ, ಅವರ ತೊಡೆಯೊಳಗಿನ ಆ ಮೊಳೆಯನ್ನು ಕಂಡು ಶತ್ರುಪಕ್ಷದ ವೈದ್ಯರು ಬೆರಗಾದರಂತೆ!

ಭಂಗುರಾಸ್ಥಿಯ ಮಕ್ಕಳಿಗೆ ಈ ತತ್ತ್ವವನ್ನು ಧೈರ್ಯದಿಂದ ಅನ್ವಯಿಸಿದವರು ಅಮೆರಿಕದ ಸೋಫೀಲ್ಡ್ ಮತ್ತು ಮಿಲ್ಲರ್. ಅವರು ತಮ್ಮ ಹತ್ತು ವರ್ಷಗಳ ಅನುಭವವನ್ನು 1959ರಲ್ಲಿ ಪ್ರಕಟಿಸಿದರು. ಬಾಗಿದ ಮೂಳೆಯನ್ನು ಹಲವು ತುಂಡುಗಳಾಗಿ ಕತ್ತರಿಸುವುದು. ದಾರಕ್ಕೆ ಮಣಿಗಳನ್ನು ಪೋಣಿಸುವಂತೆ ಆ ತುಂಡುಗಳನ್ನು ನೆಟ್ಟನೆಯ ಲೋಹದ ಸರಳಿಗೆ ಪೋಣಿಸುವುದು. ಮತ್ತೆ ಸ್ವಸ್ಥಾನದಲ್ಲಿರಿಸಿ ಹೊಲಿಯುವುದು. ಕೇಳಿದರೆ ಮೈ ಜುಮ್ಮೆನ್ನುವ ಮಾತು. ಆದರೆ ಈ ಮೂಳೆಗಳಿಗೆ ಮುರಿಯುವ ದೋಷವಿದ್ದರೂ ಕೂಡಿಕೊಳ್ಳುವ ಶಕ್ತಿ ಬಹುಮಟ್ಟಿಗೆ ಇದ್ದೇ ಇರುವುದು. ಹೊರಗಿನಿಂದ ಲೋಹದ ಪಟ್ಟಿಯನ್ನು ತಿರುಪಿನಿಂದ ಬಿಗಿದರೆ, ಪಟ್ಟಿ ಮುಗಿಯುವೆಡೆಯಲ್ಲಿ ಮೂಳೆ ಮುರಿಯುವ ಭಯವುಂಟು; ಒಳಗಿನ ಸರಳಾದರೋ ಉದ್ದಕ್ಕೂ ಊರುಗೋಲಾಗಿ ನಿಲ್ಲುವುದು.

ಒಂದೇ ತೊಡಕು: ಮೂಳೆ ಬೆಳೆಯುವುದು, ಸರಳು ಬೆಳೆಯದು. ಕೆಲವು ವರ್ಷಗಳಲ್ಲಿ ಮೂಳೆಯ ತುದಿ ಸರಳನ್ನು ಮೀರಿ ಬೆಳೆದು, ಆಧಾರ ತಪ್ಪಿದ ಆ ಭಾಗ ಮತ್ತೆ ಬಾಗುವುದು, ಮುರಿಯುವುದು; ಮಗು ಮತ್ತೆ ಶಸ್ತ್ರದ ಮೇಜಿಗೆ ಬರಬೇಕು. ಬೈಲಿ ಮತ್ತು ಡೂಬೋ ಎಂಬುವರು 1963ರಲ್ಲಿ, ದೂರದರ್ಶಕದ ಕೊಳವೆಗಳಂತೆ ಒಂದರೊಳಗೊಂದು ಜಾರುವ ಸರಳನ್ನು ಮುಂದಿಟ್ಟರು. ಅದರ ಎರಡು ಕೊನೆಗಳು ಮೂಳೆಯ ಎರಡು ತುದಿಗಳಲ್ಲಿ ನೆಲೆಗೊಂಡು, ಮೂಳೆ ಬೆಳೆದಂತೆಲ್ಲ ಸರಳೂ ನೀಳುವುದು. ಜಾಣತನದ ಯುಕ್ತಿಯೇ ಸರಿ. ಆದರೂ ಕೊನೆಯ ತುಂಡು ಕಳಚಿಕೊಳ್ಳುವುದುಂಟು. ಇಡುವಾಗ ಕೀಲನ್ನೇ ತೆರೆಯಬೇಕಾಗುವುದು.

1998ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಗ್ಲೋರಿಯೋ ಮತ್ತು ಸಂಗಡಿಗರು, ರೋಗ ತೀವ್ರವಾಗಿದ್ದ 30 ಮಕ್ಕಳಿಗೆ ಪ್ಯಾಮಿಡ್ರೊನೇಟ್ ಎಂಬ ಔಷಧವನ್ನಿತ್ತು, ಮೂಳೆಯ ಸಾಂದ್ರತೆ ಹೆಚ್ಚಿ ಮುರಿತಗಳು ತಗ್ಗಿದುದನ್ನು ತೋರಿಸಿದರು. ಔಷಧವು ಬಾಗಿದುದನ್ನು ನೆಟ್ಟಗೆ ಮಾಡದು. ಅಷ್ಟೇ ಅಲ್ಲ, ಶಸ್ತ್ರದಿಂದ ಕತ್ತರಿಸಿದ ಮೂಳೆ ಅದರಿಂದ ನಿಧಾನವಾಗಿ ಕೂಡುವುದೆಂದೂ ಮುಂದೆ ಕಂಡುಬಂದಿತು. ಅದೇ ನಗರದ ಫ್ಯಾಸಿಯೇ ಮತ್ತು ದ್ಯುವಾಲ್ ಜಾರುವ ಸರಳಿನ ಕೊನೆಗಳಿಗೆ ತಿರುಪಿನ ಸುತ್ತುಗಳನ್ನು ಕೊಟ್ಟರು. ಇದರಿಂದ ತೊಡೆಯ ಸರಳನ್ನು ಮೊಣಕಾಲಿನ ಕೀಲು ತೆರೆಯದೆ ಸೊಂಟದ ಕಡೆಯಿಂದಲೇ ಇಳಿಸುವುದು ಸಾಧ್ಯವಾಯಿತು.

ಹರೆಯದ ರೋಗಿಯಲ್ಲಿ ವೈದ್ಯನು ಮೊದಲು ಎಣಿಸಬೇಕಾದುದು ಉಳಿದಿರುವ ಬೆಳವಣಿಗೆಯನ್ನು. ಅದು ಇನ್ನೂ ಹಲವು ವರ್ಷಗಳಷ್ಟಿದ್ದರೆ ಜಾರುವ ಸರಳು. ಮುಗಿಯಲು ಬಂದಿದ್ದರೆ ಸೋಫೀಲ್ಡನ ಕಾಲದಂಥ ಜಾರದ ಸರಳೇ ಸಾಕಾಗುವುದು. ಬಾಲ್ಯದಲ್ಲಿಟ್ಟ ಗಿಡ್ಡ ಸರಳು ಒಳಗಿದ್ದರೆ ಅದನ್ನು ಮೊದಲು ತೆಗೆಯಬೇಕು. ನಾಳವು ಕಿರಿದಾಗಿ ಮುಚ್ಚಿಹೋಗಿದ್ದರೆ ಕೊರೆದು ದಾರಿ ಮಾಡಬೇಕು.