ಕೃಷಿ ಜಮೀನಿನಲ್ಲಿ ತೋಟದ ಮನೆ: ಸವದತ್ತಿ ತಾಲೂಕಿನ ಹಿಡುವಳಿದಾರರ ಮಾಹಿತಿಗಾಗಿ

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಕಪ್ಪು ಮಣ್ಣಿನ ಭೂಮಿಯು ಜೋಳ, ಹತ್ತಿ ಮುಂತಾದ ಬೆಳೆಗಳಿಗೆ ಆಧಾರವಾಗಿದೆ. ಇಂತಹ ಭೂಮಿಯಲ್ಲಿ ಒಮ್ಮೆ ಬಡಾವಣೆ ನಿರ್ಮಾಣವಾದಲ್ಲಿ ಅದನ್ನು ಪುನಃ ಸಾಗುವಳಿಗೆ ತರುವುದು ದುಸ್ಸಾಧ್ಯ.

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 95(1)ರನ್ವಯ ಕೃಷಿಕರು ತಮ್ಮ ಜಮೀನಿನಲ್ಲಿ ತೋಟದ ಮನೆ ನಿರ್ಮಿಸಿಕೊಳ್ಳಬಹುದು. ಆದರೆ ಅದರ ವಿಸ್ತೀರ್ಣವು ಹಿಡುವಳಿಯ ಶೇ. 10ನ್ನಾಗಲಿ, ನಿಯಮಗಳಲ್ಲಿ ನಿಗದಿಪಡಿಸಿದ ಗರಿಷ್ಠ ಮಿತಿಯನ್ನಾಗಲಿ ಮೀರತಕ್ಕದ್ದಲ್ಲ. ಉದಾಹರಣೆಗೆ, 1 ಎಕರೆ (40 ಗುಂಟೆ) ಹಿಡುವಳಿಯಲ್ಲಿ ಶೇ. 10 ಎಂದರೆ 4 ಗುಂಟೆ. ಕನಿಷ್ಠ 36 ಗುಂಟೆ ಸಾಗುವಳಿಗೆ ಉಳಿಯುತ್ತದೆ.

ನಿವೇಶನಗಳಾಗಿ ವಿಂಗಡಿಸಿ ಮಾರಾಟ ಮಾಡುವುದು ಈ ಅವಕಾಶದ ವ್ಯಾಪ್ತಿಗೆ ಬರುವುದಿಲ್ಲ. ಅನುಮತಿಯಿಲ್ಲದೆ ಕೃಷಿಯೇತರ ಉದ್ದೇಶಕ್ಕೆ ಬಳಸಿದಲ್ಲಿ ಕಲಂ 96ರನ್ವಯ ದಂಡ ವಿಧಿಸಲು ಹಾಗೂ ಜಮೀನಿನಿಂದ ತೆರವುಗೊಳಿಸಲು ಅವಕಾಶವಿರುತ್ತದೆ.